ಓಟದ ಜೊತೆಗೆ ಭಾಷೆಯ ತಯಾರಿ

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ನನ್ನ ಬಳಿ ಓಟ ಕಲಿತ ಹುಡುಗಿ ಈಗ ಜರ್ಮನಿಯಲ್ಲಿದ್ದಾಳೆ. ಆ ದೇಶದ ಪರವಾಗಿ ಓಡುವುದು ಅವಳ ಆಸೆ. ಅದಕ್ಕೆ ಅಲ್ಲಿನ ಪೌರತ್ವ ಬೇಕು. ಅವಳಿಗೆ ಹೇಳಿದ್ದನ್ನೇ, ಅಂಥ ಆಸೆಯಿರುವ ನಿಮಗೂ ಹೇಳುತ್ತೇನೆ.

ಮೊದಲು ಮನೆಯವರೊಡನೆ ಕುಳಿತು ಮಾತನಾಡಿ. ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಇದು ಸಣ್ಣ ಮಾತಲ್ಲ. ಭಾರತವನ್ನು ಪ್ರತಿನಿಧಿಸಿದ್ದರೆ ಒಲಿಂಪಿಕ್ಸ್‌ಗೆ ಸಾಮಾನ್ಯವಾಗಿ 3 ವರ್ಷ ಕಾಯಬೇಕು.

ಪೌರತ್ವಕ್ಕೆ ಜರ್ಮನಿ ಕೇಳುವುದು ಬಿ1 ಮಟ್ಟದ, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಸಾಕಾಗುವಷ್ಟು ಜರ್ಮನ್. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿವೆ. ಪ್ರತಿಯೊಂದರಲ್ಲೂ 100ಕ್ಕೆ 60 ಅಂಕ ಬೇಕು. ಒಂದರಲ್ಲಿ ಸೋತರೆ ಅದನ್ನಷ್ಟೇ ಮತ್ತೆ ತೆಗೆದುಕೊಳ್ಳಬಹುದು. ಕಲಿಯಲು ಬೆಂಗಳೂರಿನ ಇಂದಿರಾನಗರದಲ್ಲಿ ಅದೇ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನವಿದೆ.

ಕಷ್ಟವಿರುವುದು ಮಾತಿನಲ್ಲಿ. ನನ್ನ ಶಿಷ್ಯೆಗೆ ವ್ಯಾಕರಣವೆಲ್ಲ ಬರುತ್ತಿತ್ತು, ಎದುರಿಗೆ ಯಾರಾದರೂ ಕುಳಿತರೆ ಬಾಯಿ ಕಟ್ಟುತ್ತಿತ್ತು. ಆದ್ದರಿಂದ ಬೆಳಗಿನ ನಿಧಾನ ಓಟದಲ್ಲಿ, ಪ್ರತಿ ಸುತ್ತಿಗೂ ನಿನ್ನೆ ಏನು ಮಾಡಿದೆ, ನಾಳೆ ಏನು ಮಾಡುತ್ತೇನೆ ಎಂದು ಜರ್ಮನ್‌ನಲ್ಲಿ ಜೋರಾಗಿ ಹೇಳಿಸಿದೆ. ತಪ್ಪಿದರೂ ನಿಲ್ಲಿಸಲಿಲ್ಲ. ನಾಮಪದಗಳನ್ನು ಮಾತ್ರ, ಅವುಗಳ ಲಿಂಗ ತೋರಿಸಲು ಮುಂದೆ ಬರುವ ಡೆರ್, ಡೀ, ಡಾಸ್ ಸಮೇತವೇ ಬಾಯಿಪಾಠ ಮಾಡಿ. ಆಮೇಲೆ ತಿದ್ದಿಕೊಳ್ಳುವುದು ಬಹಳ ಕಷ್ಟ.

ಪೌರತ್ವ ಪರೀಕ್ಷೆ ಬೇರೆಯೇ ಇದೆ: 33 ಪ್ರಶ್ನೆಗಳಲ್ಲಿ 17 ಸರಿಯಾದರೆ ಸಾಕು. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿವೆ. ದಿನಕ್ಕೆ ಹತ್ತರಂತೆ ಓದಿಕೊಳ್ಳಿ.