98 ಸೆಂಟಿಮೀಟರ್ ಕೇಬಲ್ಲಿನ ನಾಚ್ ಫಿಲ್ಟರ್

ಮೈಸೂರಿನ ಯಾದವಗಿರಿಯ ಆಕಾಶವಾಣಿ ಒಂಟಿಕೊಪ್ಪಲಿನ ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಬೆಳಿಗ್ಗೆ ಎದ್ದರೆ ಅಮ್ಮನ ಅಡುಗೆಮನೆಯಲ್ಲಿ 100.6 ಮೆಗಾಹರ್ಟ್ಸ್. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಇದೇ ಊರಿನ ತಮ್ಮ ಮನೆಯಲ್ಲಿ ಶುರುಮಾಡಿದ ಬಾನುಲಿಯ ಹೆಸರೇ 'ಆಕಾಶವಾಣಿ', ನಮಗೆ ಅಭಿಮಾನ.

2024ರ ಬೇಸಿಗೆಯಲ್ಲಿ ತಾರಸಿಯ ಮೇಲೆ 'ವಿ' ಆಕಾರದ ಆಂಟೆನಾ ಕಟ್ಟಿದೆ. ಒಂದೊಂದು ಕಡ್ಡಿ 53 ಸೆಂ.ಮೀ. ಲ್ಯಾಪ್‌ಟಾಪನ್ನೇ ರೇಡಿಯೊ ರಿಸೀವರ್ ಮಾಡುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಿಕ್ಕಿಸಿ, 137.1 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ-19 ಹವಾಮಾನ ಉಪಗ್ರಹದ ಚಿತ್ರ ಹಿಡಿಯಲು ಕೂತೆ. ಕೇಳಬೇಕಾಗಿದ್ದದ್ದು ಗಡಿಯಾರದಂಥ ಟಿಕ್‌ಟಿಕ್ ಸದ್ದು. ಕೇಳಿದ್ದು ಭೋರ್ಗರೆತ, ಅದರೊಳಗೆ ಒಡೆದ ಮಾತು. ಸಂಡಿಗೆ ತೆಗೆಯಲು ಬಂದ ಅಮ್ಮ, "ಇದೇನೋ, ಸ್ಯಾಟಲೈಟಲ್ಲೂ ನಮ್ಮ ಸ್ಟೇಷನ್ನೇ ಬರ್ತಿದ್ಯಲ್ಲೋ!" ಅಂದರು.

ತಪ್ಪು ಸ್ಟೇಷನ್ನಿನದಲ್ಲ. ಅದು ತನ್ನ ಜಾಗದಲ್ಲೇ ಇದೆ. ನನ್ನ ಡಾಂಗಲ್ ಬರೀ 8 ಬಿಟ್ಟಿನದು. ಸುಮಾರು 850 ಕಿ.ಮೀ. ಮೇಲಿನಿಂದ ಬರುವ ಐದು ವ್ಯಾಟಿನ ಪಿಸುಮಾತನ್ನೂ ಪಕ್ಕದ ಬೀದಿಯ ಕೂಗನ್ನೂ ಒಟ್ಟಿಗೆ ತಾಳಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇದಕ್ಕೆ ಮದ್ದು ನಾಚ್ ಫಿಲ್ಟರ್, ಅಂದರೆ ಒಂದು ಆವರ್ತನವನ್ನು ಮಾತ್ರ ಕಡಿದು ಉಳಿದದ್ದನ್ನು ಬಿಡುವ ಸಾಧನ. ಅದಕ್ಕೆ ಕೈಹಾಕುವ ಮೊದಲು ಮಾಡಿದ ಪರೀಕ್ಷೆಯನ್ನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಆಂಟೆನಾ ಮತ್ತು ಡಾಂಗಲ್ ನಡುವೆ ಸಿಗ್ನಲ್ಲನ್ನು 10 ಡಿಬಿ (ಡೆಸಿಬೆಲ್, ಬಲದ ಅಳತೆ) ಕುಗ್ಗಿಸುವ ಅಟೆನ್ಯುಯೇಟರ್ ಹಾಕಿ. ಅಡ್ಡ ಸದ್ದು ಸರಿಯಾಗಿ 10 ಡಿಬಿ ಇಳಿದರೆ ಅದು ನಿಜವಾಗಿಯೂ ಗಾಳಿಯಲ್ಲಿ, ಆ ಜಾಗದಲ್ಲೇ ಇದೆ. ನಾಚ್ ಫಿಲ್ಟರಿನಿಂದ ಏನೂ ಆಗದು. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ಅದು ಹುಟ್ಟಿದ್ದು ನಿಮ್ಮ ರಿಸೀವರಿನ ಒಳಗೆ. ನನಗೆ ಆ ಒಡೆದ ಮಾತು ಪೂರ್ತಿ ಮಾಯವಾಯಿತು. ಅಂದರೆ ಓವರ್‌ಲೋಡ್, ಜೋರು ಸಿಗ್ನಲ್ಲಿನ ಭಾರಕ್ಕೆ ರಿಸೀವರ್ ತಾನೇ ಹುಟ್ಟಿಸಿದ ಗೋಜಲು. ಫಿಲ್ಟರಿಗೆ ಕೆಲಸವಿದೆ.

ಹಳೆಯ ಕಂಪ್ಯೂಟರ್ ಲ್ಯಾಬಿನ ನೆಟ್‌ವರ್ಕ್ ಬಿಚ್ಚಿದಾಗ ಎತ್ತಿಟ್ಟಿದ್ದ ಆರ್‌ಜಿ-58 ಕೇಬಲ್, ಬಿಎನ್‌ಸಿ 'ಟಿ' ಕನೆಕ್ಟರ್ ಮನೆಯಲ್ಲಿದ್ದವು. 100.6ರ ತರಂಗದೂರ 2.98 ಮೀಟರ್. ಕೇಬಲ್ಲಿನೊಳಗೆ ತರಂಗ ಗಾಳಿಗಿಂತ ನಿಧಾನ, ಹಾಗಾಗಿ ಅದರ ಕಾಲು ಭಾಗವನ್ನು ಕೇಬಲ್ಲಿನ ವೇಗಾಂಶ 0.66ರಿಂದ ಗುಣಿಸಿದರೆ ಸುಮಾರು 49 ಸೆಂ.ಮೀ. ಅಷ್ಟುದ್ದದ ತುಂಡನ್ನು 'ಟಿ'ಗೆ ಸಿಕ್ಕಿಸಿ ತುದಿ ತೆರೆದು ಬಿಟ್ಟರೆ 100.6 ಅಲ್ಲೇ ಶಾರ್ಟ್ ಆಗುತ್ತದೆ. ಆಯಿತು ಕೂಡ. ಗೋಜಲು ಹೋಯಿತು, ಆದರೆ ಉಪಗ್ರಹವೂ ಸೊರಗಿತು. ಕೂತು ಲೆಕ್ಕ ಹಾಕಿದೆ: ಆ ತುಂಡು 137ರಲ್ಲಿ ಸುಮಾರು 2 ಡಿಬಿ ತಿನ್ನುತ್ತದೆ. ಶತ್ರುವನ್ನು ಎಷ್ಟು ಕಡಿಯುತ್ತದೆ ಎಂದಷ್ಟೇ ನೋಡಿದ್ದೆ, ಬೇಕಾದವರಿಂದ ಎಷ್ಟು ಕಿತ್ತುಕೊಳ್ಳುತ್ತದೆ ಎಂದು ನೋಡಿರಲಿಲ್ಲ. ಫಿಲ್ಟರ್ ಆರಿಸುವಾಗ ನಾನೀಗ ಮೊದಲು ನೋಡುವುದೇ ಈ ಎರಡನೆಯ ಸಂಖ್ಯೆಯನ್ನು.

ಮತ್ತೆ ಕತ್ತರಿಸಿದೆ, ಈ ಸಲ ಅರ್ಧ ತರಂಗ: 98 ಸೆಂ.ಮೀ., ತುದಿಯಲ್ಲಿ ಒಳತಂತಿ ಮತ್ತು ಜಾಲರಿ ಸೇರಿಸಿ ಶಾರ್ಟ್. ಕಡಿಯುವ ಪಟ್ಟಿ ಇನ್ನೂ ಕಿರಿದು, 137ರಲ್ಲಿ ನಷ್ಟ ಬರೀ ಕಾಲು ಡಿಬಿಯ ಹತ್ತಿರ. ಕೇಬಲ್ಲನ್ನು ಮೊದಲು ಎರಡು ಸೆಂ.ಮೀ. ಹೆಚ್ಚೇ ಬಿಟ್ಟು, ತುದಿಯ ಹತ್ತಿರ ಗುಂಡುಪಿನ್ನನ್ನು ಹೊರ ಜಾಲರಿಯಿಂದ ಒಳತಂತಿಯವರೆಗೆ ಚುಚ್ಚುತ್ತಾ ಬಂದೆ. ಪರದೆಯ ಮೇಲೆ 100.6ರ ಗುಡ್ಡ ಎಲ್ಲಿ ಅತಿ ಕುಗ್ಗಿತೋ ಅಲ್ಲಿ ಕತ್ತರಿಸಿ ಬೆಸುಗೆ. ಮೊದಲು ಡಾಂಗಲ್ಲಿನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) 19.7 ಡಿಬಿಗಿಂತ ಏರಿಸಲು ಆಗುತ್ತಿರಲಿಲ್ಲ, ಈಗ 36.4. ಆ ಸಂಜೆ ಶ್ರೀಲಂಕಾದ ಅಂಚು ಗೆರೆ ಗೆರೆಯಾಗಿ ಮೂಡಿದಾಗ ಅಮ್ಮನನ್ನು ಕೂಗಿ ಕರೆದೆ.

137ರಲ್ಲಿ ಹೀಗೆ ಚಿತ್ರ ಕಳಿಸುತ್ತಿದ್ದ ನೋವಾ ಉಪಗ್ರಹಗಳು 2025ರಲ್ಲಿ ನಿಂತವು. ಈಗ ರಷ್ಯಾದ ಮೀಟಿಯರ್ ಹವಾಮಾನ ಉಪಗ್ರಹ, 137.9ರಲ್ಲಿ, ಅದೇ ತುಂಡು ಸಾಕು.

ಮಂಡ್ಯದ ಗೆಳೆಯನಿಗೆ ಇದನ್ನೇ ಮಾಡಿಕೊಟ್ಟೆ, ಪ್ರಯೋಜನವಾಗಲಿಲ್ಲ. ಅಲ್ಲಿ ಯಾವ ಒಂದು ಸ್ಟೇಷನ್ನೂ ಜೋರಿಲ್ಲ. ಕಂಬದ ಮೇಲಿನ ಆಂಪ್ಲಿಫೈಯರಿಗೆ ಎಲ್ಲವೂ ಒಟ್ಟಿಗೆ ಭಾರ. ಅವನಿಗೆ ಬೇಕಾದದ್ದು 88ರಿಂದ 108ರವರೆಗೆ ಇಡೀ ಎಫ್‌ಎಂ ಪಟ್ಟಿಯನ್ನು ತಡೆಯುವ ಸಿದ್ಧ ಫಿಲ್ಟರ್. ತರಿಸಿದ, ಆದರೆ ಕೆಳಗೆ ಡಾಂಗಲ್ ಪಕ್ಕ ಹಾಕಿದ್ದ. ಅಷ್ಟು ಹೊತ್ತಿಗೆ ಆಂಪ್ಲಿಫೈಯರ್ ಕೆಡಿಸಿಯಾಗಿರುತ್ತದೆ. ಕಂಬ ಹತ್ತಿ, ಆಂಟೆನಾ ಆದ ಕೂಡಲೇ ಫಿಲ್ಟರ್, ಆಮೇಲೆ ಆಂಪ್ಲಿಫೈಯರ್ ಬರುವಂತೆ ಬದಲಿಸಿ, ಎರಡನ್ನೂ ಬಾಯಿ ಕೆಳಗಾದ ಪಿವಿಸಿ ಪೈಪಿನೊಳಗೆ ಕಟ್ಟಿ ಇಳಿದೆವು.