ಕಾಮಿಕ್ ಕಾನ್‌ನ್ಯಾಗ ಕಲಾವಿದರ ಕಡಿಂದ ಚಿತ್ರ ಬರಸ್ಕೊಂಡು ಬರೋದು ಹೆಂಗ?

ಕಾಮಿಕ್ ಕಾನ್ (ಕಾಮಿಕ್ಸ್, ಸೂಪರ್‌ಹೀರೊ ಅಭಿಮಾನಿಗಳು ಸೇರೋ ಜಾತ್ರಿ) ಅಂದ್ರ ವೇಷಾ ಹಾಕ್ಕೊಂಡು ಬಂದವರ ಜೋಡಿ ಫೋಟೊ ಹೊಡಕೊಂಡು ಒಂದು ಟೀಶರ್ಟ್ ತಗೊಂಡು ಬರೋದು ಅಂತ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರು ಭಾಳ ಮಂದಿ ತಿಳ್ಕೊಂಡಾರ. ಅದನ್ನೂ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಳಗ ಆರ್ಟಿಸ್ಟ್ ಆಲಿ ಅಂತ ಒಂದು ಸಾಲು ಇರತೈತಿ, ಕಾಮಿಕ್ಸ್ ಬರಿಯೋರು, ವೆಬ್‌ಕಾಮಿಕ್ ಮಾಡೋರು, ಇಲಸ್ಟ್ರೇಟರ್‌ಗಳು ಒಬ್ಬೊಬ್ಬರು ಒಂದೊಂದು ಟೇಬಲ್ ಹಾಕ್ಕೊಂಡು ಕುಂತಿರತಾರ, ಅವರಿಗೆ ರೊಕ್ಕಾ ಕೊಟ್ಟು ಇಂಥಾ ಪಾತ್ರ ಬರದು ಕೊಡ್ರಿ ಅಂತ ಕೇಳಿದ್ರ ಭಾಳ ಮಂದಿ ನಿಮ್ಮ ಕಣ್ಣ ಮುಂದನ, ನೀವು ಕೊಟ್ಟ ಹಾಳಿ ಮ್ಯಾಲೆ ಬರದು, ಸಹಿ ಹಾಕಿ ಕೊಡತಾರ. ಇದಕ್ಕ ಕಮಿಷನ್ ಅಂತಾರ. ಪ್ರಿಂಟ್ ತಗೊಂಡ್ರ ಅದು ನೂರಾರು ಮಂದಿ ಮನ್ಯಾಗ ಇರತೈತಿ, ಕಮಿಷನ್ ಚಿತ್ರ ಇರೋದು ಒಂದ, ಅದೂ ನಿಮ್ಮ ಹತ್ರನ.

ಕಾಮಿಕ್ ಕಾನ್ ಇಂಡಿಯಾ 2011ರಾಗ ದಿಲ್ಲಿಯೊಳಗ ಶುರು ಆತು, 2012ರಾಗ ಬೆಂಗಳೂರಿಗೆ ಬಂತು, ಈಚಿನ ವರ್ಷಗಳಾಗ ವೈಟ್‌ಫೀಲ್ಡ್‌ನ ಕೆಟಿಪಿಒ ಅನ್ನೋ ಪ್ರದರ್ಶನ ಕೇಂದ್ರದೊಳಗ ನಡದೈತಿ. ತಾರೀಖು ಎಲ್ಲಾ ವರ್ಷ ಒಂದ ಇರೂದಿಲ್ಲ, ಹಂಗಾಗಿ ತಾರೀಖು ಹೇಳಿದ ಕೂಡ್ಲೆ ರೈಲು ಬುಕ್ ಮಾಡ್ರಿ. ರಾತ್ರಿ ರಾಣಿ ಚೆನ್ನಮ್ಮಾ ಎಕ್ಸ್‌ಪ್ರೆಸ್ ಹತ್ತಿದ್ರ ಮುಂಜಾನೆ ಬೆಂಗಳೂರು, ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆ ನೇರಳೆ ಮಾರ್ಗದ ಮೆಟ್ರೊ ಐತಿ. ಬಾಗಿಲಾ ತಗಿಯೋ ಹೊತ್ತಿಗೆ ಅಲ್ಲಿರಬೇಕು, ಯಾಕಂತ ಮುಂದ ಹೇಳತೇನಿ.

ಚೊಲೋ ಚಿತ್ರ ಸಿಗೋದು ಅರ್ಧ ಕಲಾವಿದರ ಕೈಯಿಂದ, ಇನ್ನರ್ಧ ನೀವು ಮನಿಯಿಂದ ಮಾಡ್ಕೊಂಡು ಹೋದ ತಯಾರಿಯಿಂದ. ಟೇಬಲ್ ಮುಂದ ನಿಂತು "ಏನರ ಬರೀರಿ" ಅಂದ್ರ ಅವರೂ ಏನರ ಬರದು ಕೊಡತಾರ.

ಮೊದಲ ಒಂದು ವಿಷಯಾ ಹಿಡೀರಿ

ವರ್ಷಾನುಗಟ್ಟಲೆ ಕೂಡಿಡೋರು ಒಂದು ಥೀಮ್ ಇಟ್ಕೊಂಡಿರತಾರ. ಒಂದ ಖಾಲಿ ಹಾಳಿ ಪುಸ್ತಕ, ಒಂದ ವಿಷಯ, ಪುಟಕ್ಕೊಬ್ಬ ಕಲಾವಿದ. ಬರೇ ಹನುಮಂತ, ಬರೇ ಖಳನಾಯಕರು, ಬರೇ ಬೆಕ್ಕು, ಹಿಂಗ. ನನಗ ಭಾಳ ಸೇರೋ ವಿಚಾರ ಅಂದ್ರ ನಮ್ಮ ಕಡೆ ದೊಡ್ಡಾಟದ ವೇಷ. ಆ ದೊಡ್ಡ ಕಿರೀಟ, ಭುಜಕೀರ್ತಿ, ಎದಿ ತುಂಬಾ ಆಭರಣ, ಕುಣಿಯೋವಾಗಿನ ಆ ನಿಲುವು, ಇವನ್ನೆಲ್ಲಾ ತೋರಿಸಿ "ನಿಮಗ ಯಾವ ಸೂಪರ್‌ಹೀರೊ ಇಷ್ಟಾನೋ ಅವಂಗ ಈ ವೇಷಾ ಹಾಕಿ ಬರೀರಿ" ಅಂತ ಕೇಳಿ ನೋಡ್ರಿ. ದಿಲ್ಲಿ, ಮುಂಬೈ ಕಡಿಂದ ಬಂದ ಕಲಾವಿದರು ಅದನ್ನ ಎಂದೂ ನೋಡಿರಾಕಿಲ್ಲ, ಬಂದವರೆಲ್ಲಾ ಅದೇ ನಾಕು ಪಾತ್ರ ಕೇಳಿ ಕೇಳಿ ಅವರಿಗೂ ಬ್ಯಾಸರ ಆಗಿರತೈತಿ, ಹೊಸಾದು ಸಿಕ್ರ ಕುರ್ಚಿ ಮುಂದ ಎಳಕೊಂಡು ಕುಂದರತಾರ. ಪಾತ್ರ ಅವರ ಆಯ್ಕೆ, ವಿಷಯ ನಿಮ್ಮದು, ಇಷ್ಟು ಬಿಟ್ಟುಕೊಟ್ರ ಚಿತ್ರದಾಗ ಜೀವ ಬರತೈತಿ.

ಪುಸ್ತಕದ ಮೊದಲನೇ ಪುಟ ಖಾಲಿ ಬಿಡೋ ರೂಢಿ ಕೆಲವರಿಗೆ ಐತಿ, ಮೊದಲನೇ ಪುಟದಾಗ ಬರಿಯಾಕ ಕಲಾವಿದರು ಹಿಂಜರೀತಾರ ಅಂತ. ನನ್ನ ಪ್ರಕಾರ ಅದಕ್ಕಿಂತ ಚೊಲೋ ದಾರಿ, ಮೊದಲನೇ ಚಿತ್ರ ಊರಾಗನ ಬರಸ್ರಿ. ಧಾರವಾಡದಾಗ ಸರ್ಕಾರಿ ಚಿತ್ರಕಲಾ ಕಾಲೇಜ್ ಐತಿ, ಗದಗಿನ್ಯಾಗ ವಿಜಯ ಕಲಾ ಮಂದಿರ ಐತಿ, ಅಲ್ಲಿ ಕಲಿಯೋ ಹುಡುಗರಾಗ ಮನುಷ್ಯಾಕೃತಿ ಮ್ಯಾಲೆ ಕೈ ಪಳಗಿದವರು ಇದ್ದ ಇರತಾರ. ಅವರಿಗೆ ದೊಡ್ಡಾಟದ ವೇಷಾ ಬಿಡಿಸಿ ಹೇಳೂ ಅಗತ್ಯಾನೂ ಇಲ್ಲ. ಅವರಿಗೂ ರೊಕ್ಕಾ ಕೊಟ್ಟ ಬರಸ್ರಿ, ಗೆಳೆಯ ಅಂತ ಪುಕ್ಕಟ ಕೇಳಬ್ಯಾಡ್ರಿ. ಮುಂದ ಬೆಂಗಳೂರಿನ್ಯಾಗ ಪುಸ್ತಕ ಕೈಗೆ ಕೊಟ್ಟಾಗ ಎಲ್ಲಾ ಕಲಾವಿದರೂ ಮೊದಲ ಹಿಂದಿನ ಪುಟಾ ತಿರುವಿ ನೋಡತಾರ, ಅಲ್ಲಿ ಒಂದು ಗಟ್ಟಿ ಚಿತ್ರ ಇತ್ತಂದ್ರ ತಾವೂ ಅದಕ್ಕ ಕಮ್ಮಿ ಆಗಬಾರದು ಅಂತ ಬರೀತಾರ.

ಹಾಳಿ, ಪೆನ್ನು, ಸಾಮಾನು

ಇದರಾಗ ಉಳಿತಾಯ ಮಾಡಬ್ಯಾಡ್ರಿ. ಝೆರಾಕ್ಸ್ ಹಾಳಿ 70-80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳಿ ಎಷ್ಟು ಗ್ರಾಂ ತೂಗತೈತಿ ಅನ್ನೋ ಲೆಕ್ಕ) ಇರತೈತಿ, ಅದರ ಮ್ಯಾಲೆ ಮಾರ್ಕರ್ ಇಟ್ರ ಹಿಂದಿನ ಪುಟಕ್ಕೂ ಇಳೀತೈತಿ, ನೀರ ಬಣ್ಣ ಹಚ್ಚಿದ್ರ ಹಾಳಿ ಸೊಟ್ಟ ಆಗತೈತಿ. ಕಮ್ಮಿ ಅಂದ್ರ 200 ಜಿಎಸ್‌ಎಂ, ಬಣ್ಣ ಹಚ್ಚೋದಿದ್ರ 300 ತಗೋರಿ, ಆಸಿಡ್-ಫ್ರೀ ಅಂತ ಬರದಿರಬೇಕು, ಇಲ್ಲಾಂದ್ರ ವರ್ಷ ಕಳದಂಗ ಹಾಳಿ ಹಳದಿ ಆಗತೈತಿ. ಇಂಕ್‌ನ್ಯಾಗ ಬರಿಯೋರಿಗೆ ನುಣುಪು ಹಾಳಿ ಬೇಕು, ಬ್ರಿಸ್ಟಲ್ ಅಂತ ಕೇಳ್ರಿ. ಖರಖರಾ ಇರೋ ವಾಟರ್‌ಕಲರ್ ಹಾಳಿ ಮ್ಯಾಲೆ ಸಣ್ಣ ನಿಬ್ ಸಿಕ್ಕೊಂಡು ಗೆರಿ ಒಡೀತಾವ. ಕೊಪ್ಪಿಕರ್ ರೋಡ್ ಕಡೆ ಸ್ಟೇಷನರಿ ಅಂಗಡ್ಯಾಗ ಹುಡುಕ್ರಿ, ಸಿಗಲಿಲ್ಲಂದ್ರ ಆನ್‌ಲೈನ್ ತರಸ್ರಿ, ಆದ್ರ ಹೊಂಟ ದಿನ ಮುಂಜಾನೆ ಹುಡುಕಬ್ಯಾಡ್ರಿ.

ಎ4 ಅಂದ್ರ 210 x 297 ಮಿಲಿಮೀಟರ್, ಪೂರ್ತಿ ನಿಂತ ಆಕೃತಿಗೆ ಸರಿಯಾದ ಅಳತಿ. ಎ5 ಅದರ ಅರ್ಧ, ಮುಖ ಅಥವಾ ಎದಿಮಟ ಬರಸೋರಿಗೆ ಸಾಕು, ರೇಟೂ ಸ್ವಲ್ಪ ಕಮ್ಮಿ ಬೀಳಬಹುದು. ಪುಸ್ತಕಾನೋ ಬಿಡಿ ಹಾಳಿನೋ ಅಂದ್ರ, ಪುಸ್ತಕ ನೋಡಾಕ ಚಂದ, ಆದ್ರ ಒಬ್ಬರ ಕೈಯಾಗ ಅದು ಸಿಕ್ಕೊಂಡ್ರ ಬ್ಯಾರೆಯವರ ಕಡೆ ಬರಸಾಕ ಆಗೂದಿಲ್ಲ, ಮ್ಯಾಲೆ ಎಲ್ಲೆರ ಚಾ ಚೆಲ್ಲಿದ್ರ ಎಲ್ಲಾ ಚಿತ್ರಾನೂ ಒಮ್ಮೆಲೆ ಹೋಗತಾವ. ಒಂದ ದಿನದಾಗ ಮೂರು-ನಾಕು ಚಿತ್ರ ಬೇಕನ್ನೋರು ಬಿಡಿ ಹಾಳಿ, ಒಂದು ಗಟ್ಟಿ ರಟ್ಟಿನ ಫೈಲ್, ನಡುವ ಇಡಾಕ ಬಟರ್ ಪೇಪರ್ ಒಯ್ಯೋದು ಚೊಲೋ. ಇಂಕ್ ಒಣಗಾಕ ಬಿಡ್ರಿ, ಹಸಿ ಇದ್ದಾಗನ ಫೈಲ್ ಮುಚ್ಚಬ್ಯಾಡ್ರಿ.

ರೆಫರೆನ್ಸ್ ಫೋಟೊ ಮೊಬೈಲ್‌ನ್ಯಾಗ ಅಷ್ಟ ಇಟ್ಕೊಂಡು ಹೋಗಬ್ಯಾಡ್ರಿ. ಅಷ್ಟು ಮಂದ್ಯಾಗ ನೆಟ್‌ವರ್ಕ್ ನಂಬೂ ಹಂಗಿಲ್ಲ, ಕಲಾವಿದ ಬರಿಯೋ ಅರ್ಧಾ ತಾಸು ನಿಮ್ಮ ಫೋನ್ ಅವರ ಟೇಬಲ್ ಮ್ಯಾಲೆ ಬಿಟ್ಟು ನಿಂದರಾಕೂ ಆಗೂದಿಲ್ಲ. ಕಲರ್ ಪ್ರಿಂಟ್ ತಗಸ್ರಿ, ಮುಂದಿನಿಂದ ಒಂದು, ಮಗ್ಗಲಿಂದ ಒಂದು, ಕಿರೀಟದ್ದು ಹತ್ತರದಿಂದ ಒಂದು. ಮೂರು ಸಾಕು, ಹದಿನೈದು ಕೊಟ್ರ ಅವರಿಗೆ ಯಾವುದು ನೋಡಬೇಕಂತ ತಿಳಿಯೂದಿಲ್ಲ.

ಟೇಬಲ್ ಮುಂದ

ಬಾಗಿಲಾ ತಗದ ಕೂಡ್ಲೆ ಹೋಗ್ರಿ ಅಂದದ್ದು ಇದಕ್ಕ: ದಿನಕ್ಕ ಒಬ್ಬ ಕಲಾವಿದ ಬರಿಯೋದು ಬೆರಳೆಣಿಕೆಯಷ್ಟು, ಹೆಸರಿನ ಪಟ್ಟಿ ಇಟ್ಟಿರತಾರ, ಮಧ್ಯಾಹ್ನದೊಳಗ ತುಂಬಿ ಹೋಗೋದು ಸಾಮಾನ್ಯ. ಮೊದಲ ಒಂದು ಸುತ್ತು ಎಲ್ಲಾ ನೋಡೋಣು ಅಂತ ಹೋದ್ರ ತಿರುಗಿ ಬರೂದ್ರೊಳಗ ಪಟ್ಟಿ ಬಂದ್ ಆಗಿರತೈತಿ. ಕೆಲವರು ಕಾನ್‌ಗಿಂತ ಮೊದಲ ಇನ್‌ಸ್ಟಾಗ್ರಾಮ್‌ನ್ಯಾಗ ಆರ್ಡರ್ ತಗೋತಾರ, ಅದನ್ನ ಒಂದು ವಾರ ಮೊದಲ ನೋಡ್ಕೋರಿ.

ಮಾತಾಡೋದೂ ಹೇಳತೇನಿ. ಮೊದಲ ಅವರ ಟೇಬಲ್ ಮ್ಯಾಲಿನ ಕೆಲಸ ನೋಡ್ರಿ, ನೋಡಿದ ಮ್ಯಾಲೆ "ಸರ್" ಅಥವಾ "ಮೇಡಂ, ಇವತ್ತ ಕಮಿಷನ್ ತಗೋತೀರೇನು?" ಅಂತ ಕೇಳ್ರಿ. ಹೌದಂದ್ರ ನಾಕು ಮಾತು ಸ್ಪಷ್ಟ ಮಾಡ್ಕೋರಿ: ಮುಖ ಅಷ್ಟನೋ, ಎದಿಮಟನೋ, ಪೂರ್ತಿ ಆಕೃತಿನೋ, ಪೆನ್ಸಿಲ್ಲೋ, ಇಂಕೋ, ಬಣ್ಣಾನೋ, ರೇಟ್ ಎಷ್ಟು, ಎಷ್ಟೊತ್ತಿಗೆ ಬಂದು ಒಯ್ಯಬೇಕು. ಪೆನ್ಸಿಲ್‌ನ್ಯಾಗ ಮುಖ ಹದಿನೈದು-ಇಪ್ಪತ್ತು ನಿಮಿಷದಾಗ ಆಗಬಹುದು, ಇಂಕ್‌ನ್ಯಾಗ ಪೂರ್ತಿ ಆಕೃತಿ ಅಂದ್ರ ಒಂದು ತಾಸು ಮೀರತೈತಿ, ಬಣ್ಣ ಸೇರಿದ್ರ ಇನ್ನೂ ಹೆಚ್ಚು. ಬಣ್ಣದ್ದ ಬೇಕಂತ ಹಟ ಹಿಡಿಯಬ್ಯಾಡ್ರಿ. ಕರಿ ಇಂಕ್‌ನ್ಯಾಗ ಅದ್ಭುತ ಕೆಲಸ ಮಾಡೋ ಕಲಾವಿದನ ಕಡಿಂದ ಅವಸರದ ಬಣ್ಣ ಬರಸ್ಕೊಳ್ಳೋದು ಅವರಿಗೂ ನಿಮಗೂ ಲುಕ್ಸಾನು.

ಚೌಕಾಶಿ ಮಾತ್ರ ಖಂಡಿತಾ ಬ್ಯಾಡ. ದುರ್ಗದ ಬೈಲಿನ್ಯಾಗ ಕಾಯಿಪಲ್ಲೆ ತಗೊಂಡಂಗ ಅಲ್ಲ ಇದು. ಅವರು ಟೇಬಲ್‌ಗೆ ಬಾಡಿಗಿ ಕಟ್ಟಿ, ಬ್ಯಾರೆ ಊರಿಂದ ಬಂದು, ಎರಡು-ಮೂರು ದಿನ ಕುಂತಲ್ಲೇ ಕುಂತು ಬರೀತಾರ. ರೇಟ್ ನಿಮ್ಮ ಕೈಗೆ ನಿಲುಕಲಿಲ್ಲಂದ್ರ ಸಣ್ಣದು ಕೇಳ್ರಿ, ಪೂರ್ತಿ ಆಕೃತಿ ಬದಲಿ ಮುಖ, ಅದು ಮರ್ಯಾದಿ. ಯುಪಿಐ ನಡೀತೈತಿ, ಆದ್ರೂ ಕಿಸೆದಾಗ ನಗದು ಇರಲಿ. ಹೆಸರು ಬರಸೋದಿದ್ರ ಒಂದು ಚೀಟಿ ಮ್ಯಾಲೆ ಇಂಗ್ಲಿಷಿನ್ಯಾಗೂ ಕನ್ನಡದಾಗೂ ದೊಡ್ಡದಾಗಿ ಬರದು ಕೊಡ್ರಿ, ಬಾಯಾಗ ಹೇಳಿದ್ರ ಆ ಗದ್ದಲದಾಗ ಬಸವರಾಜ ಹೋಗಿ ಬ್ಯಾರೆ ಏನೋ ಆಗತಾನ.

ಬರಿಯೋವಾಗ ತಲಿ ಮ್ಯಾಲೆ ನಿಂದರಬ್ಯಾಡ್ರಿ, ವಿಡಿಯೊ ಮಾಡೋದಿದ್ರ ಮೊದಲ ಕೇಳ್ರಿ. ಧಾರವಾಡ ಪೇಡಾ ಒಯ್ದು ಕೊಡೋ ಅಭ್ಯಾಸ ನಮ್ಮ ಕಡೆಯವರಿಗೆ ಐತಿ, ಭಾಳ ಚಂದ ಅದು, ಅವರಿಗೂ ಖುಷಿ ಆಗತೈತಿ. ಆದ್ರ ಚಿತ್ರ ಮುಗದು ಹಾಳಿ ನಿಮ್ಮ ಫೈಲ್‌ನ್ಯಾಗ ಸೇರಿದ ಮ್ಯಾಲೆ ಕೊಡ್ರಿ, ಪೇಡಾದ ಜಿಡ್ಡು ಹಾಳಿಗೆ ಹತ್ತಿದ್ರ ಹೋಗೂದಿಲ್ಲ. ಇನ್ನ ಪಟ್ಟಿ ತುಂಬಿ "ಮನಿಗೆ ಹೋಗಿ ಬರದು ಕಳಸತೇನಿ" ಅಂದ್ರ, ರೇಟ್, ಮುಂಗಡ, ಕಳಸೋ ದಿನ ಎಲ್ಲಾ ಮೆಸೇಜ್‌ನ್ಯಾಗ ಬರಸ್ಕೋರಿ, ತಡಾ ಆದ್ರ ಸಮಾಧಾನದಿಂದ ಕೇಳ್ರಿ.

ಮನಿಗೆ ತಂದ ಮ್ಯಾಲೆ

ರೈಲಿನ್ಯಾಗ ಫೈಲ್ ಸೀಟಿನ ಬುಡಕ ಹಾಕಬ್ಯಾಡ್ರಿ, ನೀರು ಹರದು ಬರತೈತಿ. ಮನಿಗೆ ಬಂದು ಮೊದಲ ಸ್ಕ್ಯಾನ್, ಕಮ್ಮಿ ಅಂದ್ರ 300 ಡಿಪಿಐ, 600 ಆದ್ರ ಇನ್ನೂ ಚೊಲೋ. ಹಾಳಿ ಹಿಂದ ಮೂಲ್ಯಾಗ ಪೆನ್ಸಿಲ್‌ನಿಂದ ಹಗೂರಕ ಕಲಾವಿದರ ಹೆಸರು, ತಾರೀಖು, ಜಾಗ ಬರೀರಿ. ಬಾಲ್‌ಪೆನ್ ಬ್ಯಾಡ, ಒತ್ತು ಮುಂದಿನ ಕಡೆ ಮೂಡತೈತಿ.

ಲ್ಯಾಮಿನೇಶನ್ ಅನ್ನೋದು ನಮ್ಮ ಊರಾಗ ಎಲ್ಲಾದಕ್ಕೂ ಮಾಡ್ತಾರ, ರೇಷನ್ ಕಾರ್ಡಿಗೆ ಮಾಡ್ಲಿ, ಚಿತ್ರಕ್ಕ ದಯವಿಟ್ಟು ಮಾಡಸಬ್ಯಾಡ್ರಿ. ಬಿಸಿ ಮತ್ತ ಅಂಟು ಸೇರಿ ಹಾಳಿಗೆ ಅಂಟ್ಕೊಂಡದ್ದು ತಿರುಗಿ ಬಿಡಸಾಕ ಬರೂದಿಲ್ಲ, ಮುಗೀತು. ಪ್ಲಾಸ್ಟಿಕ್ ಕವರ್ ಬೇಕಂದ್ರ ಪಾಲಿಪ್ರೊಪಿಲೀನ್ ಅಂತ ಬರದದ್ದು ತಗೋರಿ. ಮೆತ್ತಗ, ವಾಸನಿ ಬರೋ ಪಿವಿಸಿ ಕವರ್ ಕಾಲ ಕಳದಂಗ ಚಿತ್ರಕ್ಕ ಅಂಟ್ಕೊಂಡು ಇಂಕ್ ಎತ್ತತೈತಿ. ಧಾರವಾಡದ ಮಳಿಗಾಲ ಗೊತ್ತ ಐತಲ್ಲ, ಗ್ವಾಡಿನೂ ಹಸಿ ಇರತೈತಿ, ಹೊರಗಿನ ಗ್ವಾಡಿಗೆ ಹತ್ತಿದ ಕಪಾಟಿನ್ಯಾಗ ಇಡಬ್ಯಾಡ್ರಿ, ಫೈಲ್ ಜೋಡಿ ಸಿಲಿಕಾ ಜೆಲ್ ಪುಡಿಕಿ ಇಡ್ರಿ. ಗದಗಿನವರಿಗೆ ಹಸಿಗಿಂತ ಬಿಸಲಿನ ಚಿಂತಿ ಹೆಚ್ಚು: ಆಲ್ಕೋಹಾಲ್ ಮಾರ್ಕರ್ ಬಣ್ಣ ಬಿಸಲಿಗೆ ಬೇಗ ಮಾಸತೈತಿ, ಪಿಗ್ಮೆಂಟ್ ಇಂಕ್ ತಡೀತೈತಿ. ಫ್ರೇಮ್ ಹಾಕ್ಸೋದಿದ್ರ ಗಾಜು ಚಿತ್ರಕ್ಕ ತಾಗದಂಗ ನಡುವ ಮೌಂಟ್ (ಚಿತ್ರದ ಸುತ್ತ ಕೂಡ್ರಸೋ ರಟ್ಟಿನ ಚೌಕಟ್ಟು) ಹಾಕಸ್ರಿ, ಬಿಸಲು ಬೀಳೋ ಗ್ವಾಡಿ ಬಿಟ್ಟು ಬ್ಯಾರೆ ಕಡೆ ತೂಗಹಾಕ್ರಿ.

ಆಮ್ಯಾಲೆ ಆ ಚಿತ್ರಾನ ಇನ್‌ಸ್ಟಾದಾಗ ಹಾಕೋವಾಗ ಕಲಾವಿದರ ಹೆಸರು ಹಾಕ್ರಿ, ಸಹಿ ಕಾಣದಂಗ ಕತ್ತರಿಸಬ್ಯಾಡ್ರಿ. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಮಿನ ಪ್ರಕಾರ ಅದು ನಾ ಮಾಡಿದ್ದು ಅಂತ ಹೇಳ್ಕೊಳ್ಳೋ ಹಕ್ಕು, ಕೃತಿಯನ್ನ ತನ್ನ ಹೆಸರಿಗೆ ಕುಂದು ಬರೂ ಹಂಗ ತಿದ್ದಿದ್ರ ತಡಿಯೋ ಹಕ್ಕು, ಎರಡೂ ಕಲಾವಿದರ ಹತ್ರನ ಉಳೀತಾವ, ನೀವು ರೊಕ್ಕಾ ಕೊಟ್ಟು ತಗೊಂಡ್ರೂ. ಟೀಶರ್ಟ್ ಮ್ಯಾಲೆ ಹಾಕಿ ಮಾರಬೇಕು ಅನ್ನೋ ವಿಚಾರ ಬಂದ್ರ ಇನ್ನೂ ಹುಷಾರು, ಯಾಕಂದ್ರ ಸೂಪರ್‌ಹೀರೊ ಪಾತ್ರದ ಹಕ್ಕು ಬ್ಯಾರೆ ಕಂಪನಿದು ಇರತೈತಿ. ಒಳ್ಳೇ ಸ್ಕ್ಯಾನ್ ಒಂದು ಕಲಾವಿದರಿಗೂ ಕಳಸ್ರಿ. ಆ ಗದ್ದಲದಾಗ ಬರದದ್ದರ ಪ್ರತಿ ಅವರ ಹತ್ರ ಎಷ್ಟೋ ಸಲ ಇರೂದಿಲ್ಲ.