ಬ್ರಾಂಜರ್ ಬೇರೆ, ಕಾಂಟೂರ್ ಬೇರೆ: ಮದುವೆ ಸೀಸನ್‌ಗೆ ಮುಂಚೆ ತಿಳ್ಕೊಂಡ್ಬಿಡಿ

ಹಾಸನದ ಬಿ.ಎಂ. ರೋಡಲ್ಲಾಗ್ಲಿ ಚಿಕ್ಕಮಗಳೂರಿನ ಎಂ.ಜಿ. ರೋಡಲ್ಲಾಗ್ಲಿ ಫ್ಯಾನ್ಸಿ ಸ್ಟೋರ್‌ಗೆ ಹೋಗಿ ಮೇಕಪ್‌ಗೆ ಕಾಂಟೂರ್ ಇದ್ಯಾ ಅಂತ ಕೇಳಿದ್ರೆ ಎಷ್ಟೋ ಸಲ ಬ್ರಾಂಜರ್ ಡಬ್ಬಿ ತೆಗೆದು ಕೊಡ್ತಾರೆ, ಎರಡೂ ಒಂದೇ ಮೇಡಂ ಅಂತಾರೆ. ಒಂದೇ ಅಲ್ಲ. ಎರಡೂ ಕಂದು ಬಣ್ಣ, ನಿಜ, ಆದ್ರೆ ಬ್ರಾಂಜರ್ ಮುಖದ ಮೇಲೆ ಬಿಸಿಲಿನ ಕೆಲಸ ಮಾಡುತ್ತೆ, ಕಾಂಟೂರ್ ನೆರಳಿನ ಕೆಲಸ ಮಾಡುತ್ತೆ. ಇದೊಂದು ಗೊತ್ತಾದ್ರೆ ಯಾವ ಬಣ್ಣ ತಗೋಬೇಕು, ಎಲ್ಲಿ ಹಚ್ಬೇಕು ಅನ್ನೋದಕ್ಕೆಲ್ಲ ಅದರಲ್ಲೇ ಉತ್ತರ ಸಿಗುತ್ತೆ.

ನೆರಳಿನ ಕೆಲಸ ಏನು ಅಂತ ನೋಡ್ಬೇಕಂದ್ರೆ ಬೇಲೂರಿನ ಚೆನ್ನಕೇಶವನ ಗುಡಿಗೆ ಹೋಗಿ ಮದನಿಕೆಯರ ಮುಖ ನೋಡಿ. 1117ರಲ್ಲಿ ಪ್ರತಿಷ್ಠೆ ಆದ ಗುಡಿ ಅದು. ಕಲ್ಲು ಪೂರ್ತಿ ಒಂದೇ ಬಣ್ಣ, ಆದ್ರೂ ಕೆನ್ನೆ, ಮೂಗು, ಗದ್ದ ಎಲ್ಲಾ ಎದ್ದು ಕಾಣ್ತವೆ, ಯಾಕಂದ್ರೆ ಶಿಲ್ಪಿ ಒಳಗೆ ತಗೊಂಡ ಜಾಗದಲ್ಲೆಲ್ಲಾ ನೆರಳು ಕೂತಿದೆ. ಆ ನೆರಳಲ್ಲಿ ಕೆಂಪೂ ಇಲ್ಲ, ಚಿನ್ನದ ಹೊಳಪೂ ಇಲ್ಲ. ಕಾಂಟೂರ್ ಕೂಡ ಹಂಗೇ ಇರ್ಬೇಕು, ಸ್ವಲ್ಪ ಬೂದು ಕಡೆಗೆ ವಾಲಿರೋ ಕಂದು, ಪೂರ್ತಿ ಮ್ಯಾಟ್, ಅಂದ್ರೆ ಹೊಳಪೇ ಇಲ್ಲದ್ದು. ಶಿಮ್ಮರ್, ಅಂದ್ರೆ ಮಿನುಗೋ ಪುಡಿ, ಇದ್ರೆ ಅದು ಬೆಳಕು ಎಸೆಯುತ್ತೆ, ಆಗ ನೆರಳು ಎಲ್ಲಿಂದ ಬರುತ್ತೆ ಹೇಳಿ?

ಬ್ರಾಂಜರ್ ಇದಕ್ಕೆ ಉಲ್ಟಾ. ಚಿನ್ನ, ತಾಮ್ರ, ಇಟ್ಟಿಗೆ ಬಣ್ಣದ ಕಡೆ ಇರೋ ಬೆಚ್ಚಗಿನ ಕಂದು, ಲೈಟಾಗಿ ಹೊಳೆದ್ರೂ ತೊಂದ್ರೆ ಇಲ್ಲ. ಫ್ರಾನ್ಸ್‌ನ ಗೆರ್ಲಾನ್ ಕಂಪನಿ 1984ರಲ್ಲಿ ಟೆರಾಕೋಟಾ ಅನ್ನೋ ಪೌಡರ್ ತಂದ್ಮೇಲೆ ಇದು ತುಂಬಾ ಫೇಮಸ್ ಆಯ್ತು, ರಜೆಗೆ ಹೋಗಿ ಬಿಸಿಲು ಕಾಯಿಸ್ಕೊಂಡು ಬಂದವರ ಹಂಗೆ ಕಾಣ್ಲಿ ಅಂತ ಅಲ್ಲಿನವರು ಹಚ್ಕೊಳ್ತಿದ್ರು. ಹಾಗಾದ್ರೆ ನಮಗ್ಯಾಕೆ, ನಮ್ಮ ಬಣ್ಣವೇ ಕಂದು ಅಲ್ವಾ ಅಂತ ಬಹಳ ಜನ ಕೇಳ್ತಾರೆ. ಸರಿಯಾದ ಪ್ರಶ್ನೇನೇ. ಫೌಂಡೇಶನ್ ಹಚ್ಚಿದ ತಕ್ಷಣ ಮುಖ ಪೂರ್ತಿ ಒಂದೇ ಬಣ್ಣ ಆಗ್ಬಿಡುತ್ತೆ, ಹಣೆ ಅಂಚಲ್ಲಿ ಕೆನ್ನೆ ಮೇಲೆ ನಮಗೆ ಸಹಜವಾಗಿ ಇರೋ ಕಳೆ ಮುಚ್ಚಿಹೋಗುತ್ತೆ, ಅದನ್ನ ವಾಪಸ್ ತರೋಕೆ ಬ್ರಾಂಜರ್ ಬೇಕು.

ಈಗ ಶೇಡ್ ಆರಿಸೋದು, ಇಲ್ಲೇ ಜಾಸ್ತಿ ಗಮನ ಕೊಡಿ. ಎರಡೂ ನಿಮ್ಮ ಬಣ್ಣಕ್ಕಿಂತ ಒಂದೆರಡು ಶೇಡ್ ಮಾತ್ರ ಡಾರ್ಕ್ ಇರ್ಲಿ. ಅಂಗಡಿ ಟ್ಯೂಬ್‌ಲೈಟ್ ನಂಬ್ಬೇಡಿ, ದವಡೆ ಹತ್ರ ಸ್ವಲ್ಪ ಹಚ್ಕೊಂಡು ಬಾಗಿಲಿಗೆ ಬಂದು ಹೊರಗಿನ ಬೆಳಕಲ್ಲಿ ಕನ್ನಡಿ ನೋಡಿ. ಗೋಧಿ ಬಣ್ಣದವರಿಗೆ ಚಿನ್ನದ ಛಾಯೆ ಇರೋ ಬ್ರಾಂಜರ್ ಒಪ್ಪುತ್ತೆ. ಕಪ್ಪು ಬಣ್ಣದವರು ಕೆಂಪು ಮಿಕ್ಸ್ ಇರೋ ಗಾಢ ಬ್ರಾಂಜರ್ ತಗೊಳ್ಳಿ, ಕಾಂಟೂರ್‌ಗೆ ತುಂಬಾ ಬೂದು ಇರೋದು ಬೇಡವೇ ಬೇಡ, ಬೂದಿ ಬಳ್ಕೊಂಡ ಹಂಗೆ ಕಾಣುತ್ತೆ, ಕಾಫಿಪುಡಿ ಬಣ್ಣದ ಗಾಢ ಕಂದು ಸಾಕು. ನಿಮಗೆ ಹೊಂದೋ ಶೇಡ್ ಇಲ್ಲ ಅಂದ್ರೆ ವಾಪಸ್ ಬನ್ನಿ, ಇರೋದ್ರಲ್ಲೇ ತಿಳಿಯಾದ್ದು ತಗೊಂಡು ಬೆಳ್ಳಗೆ ಕಾಣ್ತೀವಿ ಅಂದ್ಕೊಳ್ಳೋದು ದುಡ್ಡು ದಂಡ.

ಹಚ್ಚೋ ಟೈಮಲ್ಲಿ ಮೊದಲು ಫೌಂಡೇಶನ್ ಕೂತಿರ್ಲಿ. ಬ್ರಾಂಜರ್, ಕಾಂಟೂರ್ ಕ್ರೀಮ್ ಆಗಿದ್ರೆ ಮುಖದ ಪೌಡರ್‌ಗೆ ಮುಂಚೆ, ಪುಡಿ ಆಗಿದ್ರೆ ಆಮೇಲೆ, ಪೌಡರ್ ಮೇಲೆ ಕ್ರೀಮ್ ಎಳೆದ್ರೆ ತೇಪೆ ತೇಪೆ ಆಗುತ್ತೆ. ಕಾಂಟೂರ್ ಮೊದಲು. ಕಿವಿ ಹತ್ರ ಬೆರಳಿಟ್ಟು ಕೆನ್ನೆ ಮೂಳೆ ಹುಡುಕಿ, ಅದರ ಕೆಳಗೆ ಒಂದು ಹಳ್ಳ ಸಿಗುತ್ತೆ, ಸಣ್ಣ ಓರೆ ಬ್ರಷ್ ತಗೊಂಡು ಕಿವಿಯಿಂದ ಬಾಯಿ ಮೂಲೆ ಕಡೆಗೆ ಎಳೀರಿ, ಕಣ್ಣಿನ ಹೊರ ಮೂಲೆಯ ನೇರಕ್ಕೆ ಬಂದಾಗ ನಿಲ್ಲಿಸಿ, ಇನ್ನೂ ಮುಂದೆ ಹೋದ್ರೆ ಮುಖ ಸೊರಗಿದ ಹಂಗೆ ಕಾಣುತ್ತೆ. ಬ್ಲೆಂಡ್ ಮಾಡೋದು ಯಾವಾಗ್ಲೂ ಮೇಲಕ್ಕೆ. ದವಡೆ ಮೂಳೆ ಕೆಳಗೆ ಒಂದು ಗೆರೆ, ಅದನ್ನ ಕುತ್ತಿಗೆಗೆ ಇಳಿಸಿ. ಮೂಗಿನ ಎರಡೂ ಕಡೆ ಹಚ್ಚೋದು ನನಗಂತೂ ಇಷ್ಟ ಇಲ್ಲ, ಮೂಗು ಹೆಂಗಿದ್ಯೋ ಹಂಗೇ ಚೆಂದ.

ಬ್ರಾಂಜರ್‌ಗೆ ದೊಡ್ಡ ಮೆತ್ತಗಿನ ಬ್ರಷ್. ಅದ್ದಿ, ಒಂದ್ಸಲ ಕೊಡವಿ, ಹಣೆ ಪಕ್ಕದಿಂದ ಕೆನ್ನೆ ಮೂಳೆ ಮೇಲೆ ಬಂದು ದವಡೆಗೆ ಇಳಿಯೋ ಹಂಗೆ, 3 ಬರೆದ ಹಾಗೆ. ಉಳಿದಿದ್ದನ್ನ ಮೂಗಿನ ಮೇಲೆ, ಕುತ್ತಿಗೆ ಮೇಲೆ ಆಡಿಸಿ.

ಜಾಸ್ತಿ ಆಯ್ತು ಅಂತ ಒರೆಸಕ್ಕೆ ಹೋಗ್ಬೇಡಿ, ಫೌಂಡೇಶನ್ ಹಚ್ಚಿದ ಸ್ಪಂಜಲ್ಲೇ ಒತ್ತಿ ಒತ್ತಿ ತೆಗೀರಿ.

ಎಲ್ಲಿಗೆ ಹೊರಟಿದ್ದೀರ ಅನ್ನೋದೂ ಮುಖ್ಯ. ಕಲ್ಯಾಣ ಮಂಟಪದಲ್ಲಿ ವಿಡಿಯೋ ಲೈಟ್ ನೇರ ಮುಖಕ್ಕೆ ಬೀಳುತ್ತೆ, ನೆರಳೆಲ್ಲಾ ಮಾಯ ಆಗಿ ಮುಖ ಚಪ್ಪಟೆ ಕಾಣುತ್ತೆ, ಅಲ್ಲಿ ಕಾಂಟೂರ್ ಬೇಕೇ ಬೇಕು, ಬೆಳಕು ಹಳದಿ ಇದ್ರೆ ಮಾತ್ರ ಬ್ರಾಂಜರ್ ಕಮ್ಮಿ ಮಾಡಿ, ಕಿತ್ತಳೆ ಹೊಡೆಯುತ್ತೆ. ಮೂಡಿಗೆರೆ, ಸಕಲೇಶಪುರ ಕಡೆ ಮಳೆಗಾಲದ ಮೋಡದ ಬೆಳಕಲ್ಲಿ ಕಾಂಟೂರ್ ಇನ್ನೂ ಬೂದು ಕಾಣುತ್ತೆ, ಆಗ ಬ್ರಾಂಜರ್ ಒಂದೇ ಹಚ್ಚಿ. ಕಾಲೇಜಿಗೂ ಆಫೀಸಿಗೂ ಅಷ್ಟೇ ಸಾಕು, ದುಡ್ಡು ಒಂದಕ್ಕೇ ಇದೆ ಅಂದ್ರೆ ಬ್ರಾಂಜರೇ ತಗೊಳ್ಳಿ.

ಬ್ರಷ್‌ಗಳನ್ನ ಆಗಾಗ ಶಾಂಪೂ ಹಾಕಿ ತೊಳೀರಿ. ಮಲೆನಾಡಿನ ಥಂಡಿಗೆ ಬೇಗ ಒಣಗಲ್ಲ, ಫ್ಯಾನ್ ಕೆಳಗೆ ಟವೆಲ್ ಮೇಲೆ ಅಡ್ಡಡ್ಡ ಮಲಗಿಸಿ, ನೆಟ್ಟಗೆ ನಿಲ್ಲಿಸಿದ್ರೆ ನೀರು ಹಿಡಿ ಒಳಗೆ ಇಳಿದು ಅಂಟು ಬಿಡುತ್ತೆ, ಪೂರ್ತಿ ಒಣಗೋ ತನಕ ಪೌಚಿಗೆ ಹಾಕ್ಬೇಡಿ.